ಮೂಳೆ ಜೋಡಿಸುವ ಲೋಹಕ್ಕೂ ಒರೆಗಲ್ಲು ಬೇಕು

ಚಿನ್ನವನ್ನು ಒರೆಗೆ ಹಚ್ಚಿಸದೆ ಕೊಳ್ಳುವ ಗಿರಾಕಿಯಿಲ್ಲ. ಅಡಿಕೆ ಮಂಡಿಯಲ್ಲಿ ಚೀಲ ಬಿಚ್ಚಿಸಿ, ಒಂದೆರಡು ಅಡಿಕೆ ಕತ್ತರಿಸಿ ನೋಡದೆ ದರ ಹೇಳುವ ವರ್ತಕನಿಲ್ಲ. ಟ್ರ್ಯಾಕ್ಟರಿನ ಟ್ರೇಲರ್ ಕೊಳ್ಳುವ ರೈತ ಕೂಡ ಅದರ ಆಕ್ಸಲ್ ಎಷ್ಟು ಟನ್ ಹೊರೆ ತಾಳೀತು ಎಂದು ಕೇಳಿ ತಿಳಿದ ಮೇಲೆಯೇ ಹಣ ಎಣಿಸುತ್ತಾನೆ. ಆದರೆ ಅದೇ ರೈತನ ಹಸುವಿನ ಮುರಿದ ಕಾಲಿಗೆ ಹಾಕುವ ಉಕ್ಕಿನ ಪ್ಲೇಟ್ ಮಾತ್ರ ಬಹುಮಟ್ಟಿಗೆ ಅದರ ಉದ್ದ, ರಂಧ್ರಗಳ ಸಂಖ್ಯೆ ಮತ್ತು ಹೊಳಪನ್ನು ನೋಡಿಯೇ ಮಾರಾಟವಾಗುತ್ತದೆ. ಅದು ಎಷ್ಟು ಭಾರಕ್ಕೆ ಬಾಗುತ್ತದೆ, ಎಷ್ಟು ಸಾವಿರ ಹೆಜ್ಜೆಗಳ ನಂತರ ಬಿರುಕು ಬಿಡುತ್ತದೆ ಎಂಬುದನ್ನು ಕೇಳುವ ಅಭ್ಯಾಸ ಕೊಳ್ಳುವವರಲ್ಲಿ ಬೆಳೆದಿಲ್ಲ. ಹೇಳುವ ಅಭ್ಯಾಸ ಮಾರುವವರಲ್ಲಿಯೂ ಬೆಳೆದಿಲ್ಲ.

ಪಶುವೈದ್ಯಕೀಯ ಶಸ್ತ್ರಚಿಕಿತ್ಸೆಯ ಸಲಕರಣೆಗಳ ಮಾರುಕಟ್ಟೆಗೆ ಕಾಲಿಡಲು ಬಯಸುವ ಸಣ್ಣ ಕೈಗಾರಿಕೆಗಳು ಗಮನಿಸಬೇಕಾದ ಮೊದಲ ಸಂಗತಿ ಇದು. ಈ ಕ್ಷೇತ್ರದಲ್ಲಿ ಲೇತ್ ಮತ್ತು ಮಿಲ್ಲಿಂಗ್ ಯಂತ್ರಗಳ ಕೊರತೆಯಿಲ್ಲ, ಕೈಚಳಕದ ಕೊರತೆಯೂ ಇಲ್ಲ. ಕೊರತೆಯಿರುವುದು ಯಾಂತ್ರಿಕ ಪರೀಕ್ಷೆಯಲ್ಲಿ. ಆ ಕೊರತೆಯನ್ನು ತುಂಬಿಕೊಳ್ಳುವ ಘಟಕವೇ ಮುಂದಿನ ದಿನಗಳಲ್ಲಿ ಪಶುವೈದ್ಯರ ವಿಶ್ವಾಸ ಗಳಿಸೀತು.

ಮಾರುಕಟ್ಟೆಯ ವ್ಯಾಪ್ತಿ

2019ರ 20ನೆಯ ಜಾನುವಾರು ಗಣತಿಯಂತೆ ದೇಶದಲ್ಲಿದ್ದ ಜಾನುವಾರುಗಳ ಒಟ್ಟು ಸಂಖ್ಯೆ 53.57 ಕೋಟಿ. ಅವುಗಳಲ್ಲಿ ದನಗಳು 19 ಕೋಟಿಗೂ ಹೆಚ್ಚು, ಎಮ್ಮೆಗಳು ಸುಮಾರು 11 ಕೋಟಿ, ಆಡುಗಳು 14.88 ಕೋಟಿ. ಇವುಗಳ ಜೊತೆಗೆ ನಗರಗಳಲ್ಲಿ ಮನೆಮಂದಿಯಂತೆಯೇ ಬೆಳೆಯುತ್ತಿರುವ ನಾಯಿ, ಬೆಕ್ಕುಗಳಿವೆ, ಪಂದ್ಯದ ಕುದುರೆಗಳಿವೆ. ರಸ್ತೆ ಅಪಘಾತ, ಜಾರಿ ಬೀಳುವುದು, ಕೊಟ್ಟಿಗೆಯಲ್ಲಿ ಒಂದನ್ನೊಂದು ಒದೆಯುವುದು, ಮಹಡಿಯಿಂದ ಬೀಳುವುದು ಇವೇ ಮೊದಲಾದ ಕಾರಣಗಳಿಂದ ಕಾಲು ಮುರಿದುಕೊಳ್ಳುವ ಪ್ರಾಣಿಗಳು ದಿನನಿತ್ಯ ಆಸ್ಪತ್ರೆಗಳಿಗೆ ಬರುತ್ತವೆ.

ಒಂದು ಕಾಲದಲ್ಲಿ ಇಂತಹ ಪ್ರಾಣಿಗಳಿಗೆ ಬಿದಿರಿನ ದಬ್ಬೆ ಕಟ್ಟುವುದು ಅಥವಾ ಪ್ಲಾಸ್ಟರ್ ಹಾಕುವುದಷ್ಟೇ ಚಿಕಿತ್ಸೆಯಾಗಿತ್ತು. ಇಂದು ಪ್ಲೇಟ್ ಮತ್ತು ಸ್ಕ್ರೂ, ಮೂಳೆಯ ಟೊಳ್ಳಿನೊಳಗೆ ತೂರಿಸುವ ಪಿನ್, ಅಡ್ಡ ಬೋಲ್ಟುಗಳಿಂದ ಬಿಗಿಯುವ ಇಂಟರ್‌ಲಾಕಿಂಗ್ ನೇಲ್, ಚರ್ಮದ ಹೊರಗೆ ನಿಲ್ಲುವ ಫಿಕ್ಸೇಟರ್ ಚೌಕಟ್ಟು ಇವೆಲ್ಲ ಬಳಕೆಗೆ ಬಂದಿವೆ. ಇಜ್ಜತ್‌ನಗರದ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ದೊಡ್ಡ ಪ್ರಾಣಿಗಳಿಗೆಂದೇ ಬಾಹ್ಯ ಚೌಕಟ್ಟು ಮತ್ತು ನೇಲ್‌ಗಳ ಬಗ್ಗೆ ಸಂಶೋಧನೆ ನಡೆದಿದೆ. ಕರ್ನಾಟಕದಲ್ಲಿ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನಗಳ ಪಶುವೈದ್ಯಕೀಯ ಕಾಲೇಜುಗಳಿವೆ. ಇತ್ತ ಪೀಣ್ಯ, ಬೆಳಗಾವಿಯ ಉದ್ಯಮಬಾಗ್, ಹುಬ್ಬಳ್ಳಿಯ ಗೋಕುಲ ರಸ್ತೆಯ ಕಾರ್ಖಾನೆಗಳಲ್ಲಿ ಮಿಲಿಮೀಟರಿನ ನೂರನೆಯ ಒಂದು ಭಾಗದ ನಿಖರತೆಯಲ್ಲಿ ಬಿಡಿಭಾಗ ತಯಾರಿಸಬಲ್ಲ ಕುಶಲಕರ್ಮಿಗಳಿದ್ದಾರೆ. ಕೊಳ್ಳುವವನೂ ತಯಾರಿಸುವವನೂ ಒಂದೇ ರಾಜ್ಯದಲ್ಲಿದ್ದಾರೆ. ಇಬ್ಬರ ನಡುವೆ ಇರಬೇಕಾದ ಪರೀಕ್ಷೆಯ ಮೇಜು ಮಾತ್ರ ಇನ್ನೂ ಸಿದ್ಧವಾಗಬೇಕಾಗಿದೆ.

ಹಾಸಿಗೆ ಹಿಡಿಯದ ರೋಗಿ

ಮನುಷ್ಯರಿಗಾಗಿ ತಯಾರಾದ ಪ್ಲೇಟನ್ನೇ ಪ್ರಾಣಿಗಳಿಗೂ ಬಳಸುವುದು ದೇಶದಲ್ಲಿ ಸಾಮಾನ್ಯ. ನಾಯಿ, ಮೇಕೆಗಳ ಮಟ್ಟಿಗೆ ಅದು ಹಲವು ವೇಳೆ ಸರಿಹೋಗುತ್ತದೆ. ದನಗಳಿಗೆ ಬಂದಾಗ ಲೆಕ್ಕ ತಪ್ಪುತ್ತದೆ. ಕಾರಣ ಸರಳ: ಕಾಲು ಮುರಿದ ಮನುಷ್ಯನಿಗೆ ವೈದ್ಯರು ಊರುಗೋಲು ಕೊಟ್ಟು, ಆರು ವಾರ ಕಾಲೂರಬೇಡಿ ಎಂದು ಹೇಳಬಹುದು. ಹಸುವಿಗೆ ಹಾಗೆ ಹೇಳಲಾಗದು. ಅರಿವಳಿಕೆಯ ಮಂಪರು ಇಳಿಯುತ್ತಲೇ ಅದು ಎದ್ದು ನಿಲ್ಲಲು ಹೆಣಗುತ್ತದೆ. ಬಹಳ ಹೊತ್ತು ಒಂದೇ ಮಗ್ಗುಲಲ್ಲಿ ಮಲಗಿದರೆ ಅದರ ಸ್ನಾಯುಗಳಿಗೂ ನರಗಳಿಗೂ ಅಪಾಯ. ಆದುದರಿಂದ ಪ್ಲೇಟ್ ಬಿದ್ದ ದಿನವೇ ಭಾರವೂ ಬೀಳುತ್ತದೆ.

ಇದನ್ನು ಒಂದು ಸ್ಥೂಲ ಲೆಕ್ಕದಿಂದ ತಿಳಿಯಬಹುದು. 400 ಕಿಲೋ ತೂಕದ ಹಸುವಿನಲ್ಲಿ ಮುಂಗಾಲುಗಳೆರಡೂ ಸೇರಿ ಅರ್ಧಕ್ಕಿಂತ ಹೆಚ್ಚು ಭಾರ ಹೊರುತ್ತವೆ. ಸುಮ್ಮನೆ ನಿಂತಾಗಲೂ ಒಂದು ಮುಂಗಾಲಿನ ಪಾಲಿಗೆ ಸುಮಾರು 110 ಕಿಲೋ, ಅಂದರೆ ಹೆಚ್ಚುಕಡಿಮೆ 1,100 ನ್ಯೂಟನ್ ಬಲ ಬರುತ್ತದೆ. ಪ್ಲೇಟ್ ಮೂಳೆಯ ನಡುಗೆರೆಯಿಂದ 25 ಮಿಲಿಮೀಟರ್ ದೂರದಲ್ಲಿದ್ದು, ಮುರಿದ ತುದಿಗಳು ಒಂದಕ್ಕೊಂದು ತಾಗದಿದ್ದರೆ, ಪ್ಲೇಟನ್ನು ಬಗ್ಗಿಸುವ ಬಲ 27 ನ್ಯೂಟನ್-ಮೀಟರ್ ದಾಟುತ್ತದೆ. ಅದೇ ದೂರದಲ್ಲಿ, ಊರುಗೋಲು ಹಿಡಿದು ಕೇವಲ 15 ಕಿಲೋ ಭಾರವನ್ನು ಕಾಲ ಮೇಲೆ ಬಿಡುವ ಮನುಷ್ಯನಲ್ಲಿ ಅದು 4 ನ್ಯೂಟನ್-ಮೀಟರಿಗಿಂತ ಕಡಿಮೆ. ಹಸು ಏಳುವಾಗ, ಜಾರುವಾಗ, ಬೆದರಿ ಹಾರುವಾಗ ಬೀಳುವ ಬಲ ಈ ಲೆಕ್ಕದಲ್ಲಿ ಸೇರಿಲ್ಲ.

ಇನ್ನು ಪ್ಲೇಟಿನ ಕಡೆಯ ಲೆಕ್ಕ. 12 ಮಿಲಿಮೀಟರ್ ಅಗಲ, 4 ಮಿಲಿಮೀಟರ್ ದಪ್ಪದ ಉಕ್ಕಿನ ಪಟ್ಟಿಯೊಂದು ಒಳ್ಳೆಯ ಗಡಸುತನದ ಲೋಹದಿಂದ ತಯಾರಾಗಿದ್ದರೆ ಸುಮಾರು 22 ನ್ಯೂಟನ್-ಮೀಟರಿಗೆ ಶಾಶ್ವತವಾಗಿ ಬಾಗಲಾರಂಭಿಸುತ್ತದೆ. ಸ್ಕ್ರೂ ರಂಧ್ರವಿರುವೆಡೆ ಲೋಹವೇ ಕಡಿಮೆಯಾಗುವುದರಿಂದ ಈ ಅಂಕಿ ಇನ್ನಷ್ಟು ಇಳಿಯುತ್ತದೆ. ಹೀಗೆ ಬೇಡಿಕೆ 27, ಸಾಮರ್ಥ್ಯ 22ಕ್ಕೂ ಕಡಿಮೆ. ಶಸ್ತ್ರಚಿಕಿತ್ಸಕರ ಕೈ ಎಷ್ಟೇ ನುರಿತದ್ದಾಗಿರಲಿ, ಈ ಅಂತರವನ್ನು ಅದು ಮುಚ್ಚಲಾರದು. ಅಗಲವಾದ ಪ್ಲೇಟೋ, ಎರಡು ಪ್ಲೇಟುಗಳೋ, ದಪ್ಪನೆಯ ನೇಲೋ, ಬಲವಾದ ಚೌಕಟ್ಟೋ ಬೇಕಾಗುತ್ತದೆ. ಯಾವುದು ಎಂದು ತೀರ್ಮಾನಿಸಲು ಪಶುವೈದ್ಯರಿಗೆ ಪ್ರತಿಯೊಂದರ ಪರೀಕ್ಷಿತ ಸಾಮರ್ಥ್ಯ ತಿಳಿದಿರಬೇಕು.

ಪ್ರಾಣಿಯ ಭಾರವೇ ಎದುರಾಳಿ ಎಂಬುದಕ್ಕೆ ಲೋಕಪ್ರಸಿದ್ಧ ನಿದರ್ಶನವೊಂದಿದೆ. 2006ರಲ್ಲಿ ಕೆಂಟಕಿ ಡರ್ಬಿ ಗೆದ್ದ ಬಾರ್ಬಾರೋ ಎಂಬ ಕುದುರೆ, ಅದೇ ವರ್ಷದ ಮೇ 20ರಂದು ಅಮೆರಿಕದ ಪ್ರೀಕ್‌ನೆಸ್ ಪಂದ್ಯದಲ್ಲಿ ಬಲ ಹಿಂಗಾಲು ಮುರಿದುಕೊಂಡಿತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಶಸ್ತ್ರಚಿಕಿತ್ಸಕರು ಲಾಕಿಂಗ್ ಪ್ಲೇಟ್ ಮತ್ತು 27 ಸ್ಕ್ರೂಗಳಿಂದ ಆ ಕಾಲನ್ನು ಜೋಡಿಸಿದರು. ಮುರಿದ ಕಾಲು ಗುಣವಾಗುತ್ತ ಬಂದರೂ, ಹೆಚ್ಚಿನ ಭಾರ ಹೊತ್ತ ಇನ್ನೊಂದು ಹಿಂಗಾಲಿನ ಗೊರಸಿಗೆ ಲ್ಯಾಮಿನೈಟಿಸ್ ತಗುಲಿತು. ತೊಡಕುಗಳು ಹೆಚ್ಚುತ್ತ ಹೋಗಿ 2007ರ ಜನವರಿ 29ರಂದು ಕುದುರೆಗೆ ದಯಾಮರಣ ನೀಡಬೇಕಾಯಿತು. ಜೋಡಿಸಿದ ಕಾಲು ಆದಷ್ಟು ಬೇಗ ತನ್ನ ಪಾಲಿನ ಭಾರ ಹೊರದಿದ್ದರೆ ಉಳಿದ ಕಾಲುಗಳೂ ಅಪಾಯಕ್ಕೆ ಸಿಲುಕುತ್ತವೆ ಎಂಬುದು ಈ ಪ್ರಸಂಗದ ಪಾಠ.

ರಾಸಾಯನಿಕ ಪ್ರಮಾಣಪತ್ರ ಸಾಲದು

ಕಚ್ಚಾ ಲೋಹ ಕೊಳ್ಳುವಾಗ ಬರುವ ಪ್ರಮಾಣಪತ್ರವನ್ನೇ ಗುಣಮಟ್ಟದ ಖಾತರಿಯೆಂದು ಭಾವಿಸುವ ತಯಾರಕರಿದ್ದಾರೆ. ಇಲ್ಲಿ ಎರಡು ಎಡವಟ್ಟುಗಳು ಅಡಗಿವೆ.

ಮೊದಲನೆಯದು, ಪೇಟೆಯಲ್ಲಿ ಸಿಗುವ 316ಎಲ್ ಉಕ್ಕೆಲ್ಲ ಇಂಪ್ಲಾಂಟ್ ದರ್ಜೆಯದಲ್ಲ. ಇಂಪ್ಲಾಂಟ್ ಉಕ್ಕಿನ ಎಎಸ್‌ಟಿಎಂ ಎಫ್ 138 ಮಾನಕದಂತೆ ಕ್ರೋಮಿಯಂ ಶೇ. 17ರಿಂದ 19, ನಿಕ್ಕಲ್ ಶೇ. 13ರಿಂದ 15, ಮಾಲಿಬ್ಡಿನಂ ಶೇ. 2.25ರಿಂದ 3ರಷ್ಟಿರಬೇಕು, ಇಂಗಾಲ ಶೇ. 0.03 ಮೀರಬಾರದು. ಅಲ್ಲದೆ ಕ್ರೋಮಿಯಂ ಪ್ರಮಾಣಕ್ಕೆ ಮಾಲಿಬ್ಡಿನಂ ಪ್ರಮಾಣದ 3.3 ಪಟ್ಟನ್ನು ಕೂಡಿಸಿದಾಗ ಕನಿಷ್ಠ 26 ಬರಬೇಕು. ಪಾತ್ರೆ, ಪೈಪುಗಳಿಗೆ ಬಳಸುವ ಸಾಮಾನ್ಯ 316ಎಲ್‌ನಲ್ಲಿ ಕ್ರೋಮಿಯಂ 16, ಮಾಲಿಬ್ಡಿನಂ 2 ಇದ್ದರೂ ಮಾನಕಕ್ಕೆ ಸಲ್ಲುತ್ತದೆ. ಆಗ ಕೂಡಿಕೆ 22.6 ಮಾತ್ರ. ಶರೀರದೊಳಗಿನ ಉಪ್ಪು ದ್ರವದಲ್ಲಿ ತಿಂಗಳುಗಟ್ಟಲೆ ಇರಬೇಕಾದ ಲೋಹಕ್ಕೆ ಈ ವ್ಯತ್ಯಾಸ ಚಿಕ್ಕದಲ್ಲ.

ಎರಡನೆಯದು ಇನ್ನೂ ಮುಖ್ಯ. ಒಂದೇ ರಾಸಾಯನಿಕ ಸಂಯೋಜನೆಯ ಉಕ್ಕು ಎರಡು ಬೇರೆ ಸ್ಥಿತಿಗಳಲ್ಲಿ ಬರಬಹುದು. ಕಾಯಿಸಿ ಮೃದುಗೊಳಿಸಿದ, ಅಂದರೆ ಅನೀಲ್ ಮಾಡಿದ ಉಕ್ಕು 190 ಮೆಗಾಪಾಸ್ಕಲ್ ಒತ್ತಡಕ್ಕೆ ಮಣಿದರೂ ಮಾನಕ ಒಪ್ಪುತ್ತದೆ. ತಣ್ಣಗಿರುವಾಗಲೇ ಎಳೆದು ಗಡಸುಗೊಳಿಸಿದ, ಅಂದರೆ ಕೋಲ್ಡ್ ವರ್ಕ್ ಮಾಡಿದ ಉಕ್ಕು ಕನಿಷ್ಠ 690 ಮೆಗಾಪಾಸ್ಕಲ್ ತನಕ ಮಣಿಯಬಾರದು. ಮೂರೂವರೆ ಪಟ್ಟಿಗೂ ಮೀರಿದ ಅಂತರ! ಮೇಲಿನ ಲೆಕ್ಕದ 22 ನ್ಯೂಟನ್-ಮೀಟರಿನ ಪಟ್ಟಿ ಮೃದು ಉಕ್ಕಿನದಾದರೆ 6ಕ್ಕೇ ಬಾಗುತ್ತದೆ. ಎರಡರ ಬಣ್ಣ ಒಂದೇ, ತೂಕ ಒಂದೇ, ಹೊಳಪು ಒಂದೇ, ರಾಸಾಯನಿಕ ವರದಿಯೂ ಒಂದೇ. ಬಾಗಿಸಿ ನೋಡಿದಾಗಲಷ್ಟೇ ಬಣ್ಣ ಬಯಲಾಗುತ್ತದೆ. ಗಡಸು ಉಕ್ಕನ್ನೇ ಕೊಂಡುತಂದು, ಆಕಾರ ಕೊಡುವ ಅನುಕೂಲಕ್ಕಾಗಿ ಕೆಂಪಗೆ ಕಾಯಿಸಿ ಬಗ್ಗಿಸಿದರೂ ಪರಿಣಾಮ ಇದೇ.

ಪರೀಕ್ಷೆಗಳ ಸ್ವರೂಪ

ಪ್ಲೇಟ್ ಪರೀಕ್ಷೆಗೆ ಎಎಸ್‌ಟಿಎಂ ಎಫ್ 382 ಮತ್ತು ಐಎಸ್‌ಒ 9585 ಮಾನಕಗಳಿವೆ. ಎರಡೂ ನಾಲ್ಕು ಬಿಂದುಗಳಲ್ಲಿ ಬಗ್ಗಿಸುವ ವಿಧಾನವನ್ನು ಅನುಸರಿಸುತ್ತವೆ. ಪ್ಲೇಟನ್ನು ಕೆಳಗೆ ಎರಡು ಉರುಳೆಗಳ ಮೇಲಿಟ್ಟು, ಅವುಗಳ ಒಳಬದಿಯಲ್ಲಿ ಮೇಲಿನಿಂದ ಇನ್ನೆರಡು ಉರುಳೆಗಳಿಂದ ಒತ್ತಲಾಗುತ್ತದೆ. ಒಳಗಿನ ಎರಡು ಉರುಳೆಗಳ ನಡುವೆ ಬಗ್ಗಿಸುವ ಬಲ ಎಲ್ಲೆಡೆ ಸಮನಾಗಿರುವುದರಿಂದ ಪ್ಲೇಟಿನ ಅತ್ಯಂತ ದುರ್ಬಲ ಸ್ಥಾನ ತಾನಾಗಿಯೇ ಹೊರಬೀಳುತ್ತದೆ. ಒಟ್ಟು ಬಲವನ್ನು ಹೊರ ಮತ್ತು ಒಳ ಉರುಳೆಗಳ ನಡುವಣ ದೂರದಿಂದ ಗುಣಿಸಿ ಎರಡರಿಂದ ಭಾಗಿಸಿದರೆ ಬಗ್ಗಿಸುವ ಬಲ ದೊರೆಯುತ್ತದೆ. ದೂರ 40 ಮಿಲಿಮೀಟರ್, ಬಲ 1,000 ನ್ಯೂಟನ್ ಆಗಿದ್ದರೆ ಉತ್ತರ 20 ನ್ಯೂಟನ್-ಮೀಟರ್.

ಈ ಪರೀಕ್ಷೆ ದಪ್ಪದ ಮಹತ್ವವನ್ನೂ ತಿಳಿಸಿಕೊಡುತ್ತದೆ. ಪಟ್ಟಿಯ ಬಿಗಿತ ಅದರ ದಪ್ಪದ ಘನದಷ್ಟು ಬದಲಾಗುತ್ತದೆ. 4 ಮಿಲಿಮೀಟರ್ ಇರಬೇಕಾದ ಪ್ಲೇಟ್ ಬಫಿಂಗ್ ಮಾಡುವಾಗ 3.8ಕ್ಕೆ ಇಳಿದರೆ ಕಣ್ಣಿಗೆ ಅದು ಕಾಣದು. ಆದರೆ ಬಿಗಿತ ಶೇ. 14ರಷ್ಟು, ಬಾಗು ತಾಳುವ ಶಕ್ತಿ ಶೇ. 10ರಷ್ಟು ಕುಸಿದಿರುತ್ತದೆ. ಪಿನ್ನಿನ ವಿಷಯದಲ್ಲಿ ಇದು ಇನ್ನೂ ತೀವ್ರ: ವ್ಯಾಸದ ನಾಲ್ಕನೆಯ ಘಾತದಂತೆ ಬಿಗಿತ ಏರುವುದರಿಂದ 5 ಮಿಲಿಮೀಟರ್ ಪಿನ್ 4 ಮಿಲಿಮೀಟರ್ ಪಿನ್ನಿಗಿಂತ ಸುಮಾರು 2.4 ಪಟ್ಟು ಬಿಗಿಯಾಗಿರುತ್ತದೆ. ಹೊಳಪಿಗಾಗಿ ದಪ್ಪವನ್ನು ಬಲಿಕೊಡುವುದು ಎಂತಹ ನಷ್ಟದ ವ್ಯಾಪಾರ ಎಂಬುದು ಇದರಿಂದ ಸ್ಪಷ್ಟ.

ಒಂದೇ ಸಲದ ಭಾರಕ್ಕಿಂತ ಮಿಗಿಲಾದ ಶತ್ರು ಲೋಹದ ದಣಿವು. ಕಬ್ಬಿಣದ ತಂತಿ ಒಮ್ಮೆ ಬಗ್ಗಿಸಿದರೆ ಮುರಿಯುವುದಿಲ್ಲ, ಹತ್ತಾರು ಸಲ ಅತ್ತಿತ್ತ ಬಗ್ಗಿಸಿದರೆ ಮುರಿಯುತ್ತದೆ. ಬಾಗಿದ ಗುರುತೇ ಕಾಣದಷ್ಟು ಚಿಕ್ಕ ಭಾರವಾದರೂ ಲಕ್ಷ ಸಲ ಬಿದ್ದರೆ ಪ್ಲೇಟಿನಲ್ಲಿ ಬಿರುಕು ಹುಟ್ಟಬಹುದು. ರಾಸೊಂದು ದಿನಕ್ಕೆ 2,000 ಹೆಜ್ಜೆ ಊರುತ್ತದೆ ಎಂದು ಇಟ್ಟುಕೊಂಡರೆ 60 ದಿನಗಳಲ್ಲಿ ಆ ಕಾಲಿನ ಪ್ಲೇಟ್ 1.2 ಲಕ್ಷ ಸಲ ಬಾಗಿ ನೆಟ್ಟಗಾಗಿರುತ್ತದೆ. ಮೂಳೆ ಕೂಡುವುದು ಮೊದಲೋ, ಲೋಹ ದಣಿಯುವುದು ಮೊದಲೋ ಎಂಬ ಪೈಪೋಟಿಯಿದು. ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ 10 ಲಕ್ಷ ಆವರ್ತನೆಗಳ ತನಕ ಪ್ಲೇಟನ್ನು ದುಡಿಸಿ ನೋಡಲಾಗುತ್ತದೆ. ಸೆಕೆಂಡಿಗೆ ಐದರಂತೆ ನಡೆಸಿದರೆ ಇದಕ್ಕೆ 56 ಗಂಟೆ ಸಾಕು. ಗರಗಸದ ಗೀರು, ರಂಧ್ರದ ಚೂಪು ಅಂಚು, ಪಂಚ್ ಹೊಡೆದು ಕೊರೆದ ಬ್ಯಾಚ್ ಸಂಖ್ಯೆ ಇವೆಲ್ಲ ಬಿರುಕಿನ ತವರುಗಳು ಎಂಬುದು ಈ ಪರೀಕ್ಷೆಯಲ್ಲಿ ಬೆಳಕಿಗೆ ಬರುತ್ತದೆ.

ಸ್ಕ್ರೂಗಳಿಗೆ ಎಎಸ್‌ಟಿಎಂ ಎಫ್ 543 ಇದೆ. ಎಷ್ಟು ತಿರುಚಿದರೆ ಸ್ಕ್ರೂ ತುಂಡಾಗುತ್ತದೆ, ಒಳಸೇರಲು ಎಷ್ಟು ತಿರುಚಬೇಕು, ನೇರವಾಗಿ ಎಳೆದಾಗ ಎಷ್ಟು ಬಲಕ್ಕೆ ಕಿತ್ತುಬರುತ್ತದೆ ಎಂಬುದನ್ನು ಅಳೆಯುವ ಕ್ರಮಗಳು ಅದರಲ್ಲಿವೆ. ತಿರುಚು ತಾಳುವ ಶಕ್ತಿ ಸ್ಕ್ರೂವಿನ ಮರೆಗಳ ಒಳಗಿನ ತಿರುಳಿನ ವ್ಯಾಸದ ಘನಕ್ಕೆ ಅನುಗುಣವಾಗಿರುತ್ತದೆ. ತಿರುಳು 3 ಮಿಲಿಮೀಟರ್ ಬದಲು 2.9 ಆದರೆ ಶಕ್ತಿ ಶೇ. 10ರಷ್ಟು ತಗ್ಗುತ್ತದೆ. ಶಸ್ತ್ರಚಿಕಿತ್ಸೆಯ ನಡುವೆ ತಲೆ ಮುರಿದು ಮೂಳೆಯಲ್ಲೇ ಉಳಿಯುವ ಸ್ಕ್ರೂ ವೈದ್ಯರಿಗೆ ಎಂತಹ ಸಂಕಟ ಎಂಬುದನ್ನು ಅವರನ್ನೇ ಕೇಳಿ ತಿಳಿಯಬೇಕು. ಪರೀಕ್ಷೆಗೆ ನಿಜವಾದ ಮೂಳೆಯೇ ಬೇಕೆಂದಿಲ್ಲ. ಸಾಂದ್ರತೆ ಗೊತ್ತುಪಡಿಸಿದ ಪಾಲಿಯುರಿಥೇನ್ ನೊರೆಯ ಗಟ್ಟಿಗಳನ್ನು ಎಎಸ್‌ಟಿಎಂ ಎಫ್ 1839 ವಿವರಿಸುತ್ತದೆ. ಮೂಳೆಯೊಳಗಿನ ನೇಲ್‌ಗಳಿಗೆ ಎಫ್ 1264, ಬಾಹ್ಯ ಚೌಕಟ್ಟುಗಳಿಗೆ ಎಫ್ 1541 ಇವೆ.

ಬಿಡಿಭಾಗಗಳ ಪರೀಕ್ಷೆಯ ನಂತರ ಜೋಡಣೆಯ ಪರೀಕ್ಷೆಯೂ ಆಗಬೇಕು. ಪ್ಲೇಟ್, ಸ್ಕ್ರೂ ಮತ್ತು ಕೃತಕ ಮೂಳೆಯನ್ನು ನಿಜವಾಗಿ ಬಳಸುವಂತೆ ಬಿಗಿದು, ಮುರಿತದ ಸ್ಥಾನದಲ್ಲಿ ಅಂತರ ಬಿಟ್ಟು ಭಾರ ಹೇರಿದಾಗ ಇಡೀ ಜೋಡಣೆಯ ಬಲಹೀನ ಕೊಂಡಿ ಯಾವುದೆಂದು ತಿಳಿಯುತ್ತದೆ. ಮುರಿತದ ನೇರಕ್ಕೆ ಖಾಲಿ ಉಳಿದ ರಂಧ್ರದಲ್ಲಿಯೇ ಪ್ಲೇಟುಗಳು ಹೆಚ್ಚಾಗಿ ತುಂಡಾಗುತ್ತವೆ ಎಂಬುದು ಮೂಳೆ ಶಸ್ತ್ರಚಿಕಿತ್ಸಕರ ಅನುಭವ.

ಉತ್ತೀರ್ಣ ಅಂಕ ಯಾರು ಗೊತ್ತುಪಡಿಸಬೇಕು?

ಇಲ್ಲೊಂದು ಸೂಕ್ಷ್ಮವನ್ನು ಉದ್ಯಮಿಗಳು ಮನಗಾಣಬೇಕು. ಈ ಮಾನಕಗಳು ಮುಖ್ಯವಾಗಿ ಮನುಷ್ಯರ ಇಂಪ್ಲಾಂಟ್‌ಗಳನ್ನು ಗಮನದಲ್ಲಿಟ್ಟುಕೊಂಡು ರೂಪುಗೊಂಡವು. ಎಎಸ್‌ಟಿಎಂ ಎಫ್ 382 ಅಳೆಯುವ ಕ್ರಮವನ್ನು ಹೇಳುತ್ತದೆಯೇ ವಿನಾ ಇಷ್ಟು ಬಂದರೆ ಸಾಕು ಎಂಬ ಮಿತಿಯನ್ನು ಹೇಳುವುದಿಲ್ಲ. ತಕ್ಕಡಿಯನ್ನು ಕೊಟ್ಟಿದೆ, ಎಷ್ಟು ತೂಗಬೇಕೆಂಬುದನ್ನು ಬಳಕೆದಾರರಿಗೆ ಬಿಟ್ಟಿದೆ. ಆದ್ದರಿಂದ "ಮಾನಕದಂತೆ ಪರೀಕ್ಷಿಸಲಾಗಿದೆ" ಎಂಬ ಮುದ್ರೆಯಷ್ಟೇ ಹಸುವಿನ ಮಟ್ಟಿಗೆ ಏನನ್ನೂ ಖಾತರಿಪಡಿಸದು. ಎಷ್ಟು ಬಂತು ಎಂಬ ಅಂಕಿ ಬೇಕು. ಆ ಅಂಕಿ ಯಾವ ತೂಕದ ಪ್ರಾಣಿಗೆ ಸಾಕು ಎಂಬ ತೀರ್ಮಾನ ಬೇಕು. 20 ಕಿಲೋದ ನಾಯಿಗೆ, 40 ಕಿಲೋದ ಮೇಕೆಗೆ, 100 ಕಿಲೋದ ಕರುವಿಗೆ, 400 ಕಿಲೋದ ಹಸುವಿಗೆ ಎಷ್ಟೆಷ್ಟು ಎಂದು ಪಶುವೈದ್ಯರೂ ತಯಾರಕರೂ ಕೂಡಿ ಕುಳಿತು ಗೊತ್ತುಮಾಡಬೇಕು.

ಇಂತಹ ಸಹಕಾರ ಹೊಸದೇನಲ್ಲ. 1958ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಎಒ ಎಂಬ ಬಳಗ ಕಟ್ಟಿದ ಶಸ್ತ್ರಚಿಕಿತ್ಸಕರು ಲೋಹತಜ್ಞರನ್ನೂ ತಯಾರಕರನ್ನೂ ಜೊತೆಗೆ ಸೇರಿಸಿಕೊಂಡರು. ಪ್ರತಿಯೊಂದು ಶಸ್ತ್ರಚಿಕಿತ್ಸೆಯ ದಾಖಲೆಯಿಡುವುದನ್ನು ನಿಯಮವಾಗಿಸಿಕೊಂಡರು. 1969ರಲ್ಲಿ ಪಶುವೈದ್ಯರ ಶಾಖೆಯೂ ಅದೇ ದಾರಿಯಲ್ಲಿ ಹುಟ್ಟಿತು. ಇಂದು ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ ಪ್ಲೇಟ್, ಸ್ಕ್ರೂ ಅಳತೆಗಳು ಬಹುಮಟ್ಟಿಗೆ ಆ ಕೂಟದ ಫಲ.

ಕಾನೂನಿನ ದೃಷ್ಟಿ

ಪ್ರಾಣಿಗಳ ಸಲಕರಣೆಗೆ ಕಾನೂನಿನ ಕಟ್ಟುಪಾಡಿಲ್ಲ ಎಂಬ ಭಾವನೆ ವರ್ತಕರಲ್ಲಿ ಇದ್ದರೆ ಅದನ್ನು ತಿದ್ದಿಕೊಳ್ಳಬೇಕು. ಮೂಳೆ ಇಂಪ್ಲಾಂಟ್‌ಗಳು 2005ರಲ್ಲಿಯೇ ಅಧಿಸೂಚಿತ ಸಾಧನಗಳ ಪಟ್ಟಿ ಸೇರಿದವು. ವೈದ್ಯಕೀಯ ಸಾಧನಗಳ ನಿಯಮಗಳು, 2017, 2018ರ ಜನವರಿ 1ರಿಂದ ಜಾರಿಗೆ ಬಂದವು. 2020ರ ಫೆಬ್ರವರಿ 11ರ ಅಧಿಸೂಚನೆ ಅದೇ ಏಪ್ರಿಲ್ 1ರಿಂದ ವೈದ್ಯಕೀಯ ಸಾಧನದ ವ್ಯಾಖ್ಯೆಯನ್ನು ವಿಸ್ತರಿಸಿತು. ಮನುಷ್ಯರಿಗಾಗಲಿ ಪ್ರಾಣಿಗಳಿಗಾಗಲಿ ಬಳಸಲು ತಯಾರಿಸಿದ ಇಂಪ್ಲಾಂಟ್ ಅದರೊಳಗೆ ಬರುತ್ತದೆ. ಅಪಾಯದ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ, ಡಿ ಎಂಬ ನಾಲ್ಕು ವರ್ಗಗಳಿದ್ದು, ಗುಣಮಟ್ಟ ನಿರ್ವಹಣೆಯ ಷರತ್ತುಗಳನ್ನು ಐದನೆಯ ಅನುಸೂಚಿ ವಿವರಿಸುತ್ತದೆ. ತನ್ನ ಉತ್ಪನ್ನ ಯಾವ ವರ್ಗಕ್ಕೆ ಸೇರುತ್ತದೆ, ಯಾವ ಪ್ರಾಧಿಕಾರದ ಪರವಾನಗಿ ಬೇಕು ಎಂಬುದನ್ನು ಯಂತ್ರಕ್ಕೆ ಹಣ ಹೂಡುವ ಮೊದಲೇ ಲಿಖಿತವಾಗಿ ಖಚಿತಪಡಿಸಿಕೊಳ್ಳುವುದು ಜಾಣತನ.

ರಫ್ತಿನ ಆಸೆಯಿರುವವರಿಗೂ ಒಂದು ಮಾತು. ಅಮೆರಿಕದಲ್ಲಿ ಪ್ರಾಣಿಗಳ ಸಾಧನಗಳಿಗೆ ಮಾರಾಟಪೂರ್ವ ಅನುಮತಿಯ ಅಗತ್ಯವಿಲ್ಲ. ಆದರೆ ಅವು ಸುರಕ್ಷಿತವೂ ಪರಿಣಾಮಕಾರಿಯೂ ಆಗಿರುವಂತೆ ನೋಡಿಕೊಳ್ಳುವ ಹೊಣೆ ಪೂರ್ತಿಯಾಗಿ ತಯಾರಕನದೇ. ಅನುಮತಿಪತ್ರ ಇಲ್ಲದ ಕಡೆ ಪರೀಕ್ಷಾ ವರದಿಯೇ ಪರಿಚಯಪತ್ರವಾಗುತ್ತದೆ.

ಆಕ್ಷೇಪಗಳು

ಪರೀಕ್ಷೆಯ ಮಾತೆತ್ತಿದೊಡನೆ ಬರುವ ಮೊದಲ ಆಕ್ಷೇಪ ವೆಚ್ಚದ್ದು. ಮೂಗಿಗಿಂತ ಮೂಗುತಿ ಭಾರವಾದೀತು, ಬಡ ರೈತ ಅಷ್ಟು ಬೆಲೆ ತೆರಲಾರ ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಪ್ರತಿಯೊಂದು ಪ್ಲೇಟನ್ನೂ ಪರೀಕ್ಷಿಸಬೇಕೆಂದು ಯಾರೂ ಹೇಳುವುದಿಲ್ಲ. ದಣಿವಿನ ಪರೀಕ್ಷೆ ವಿನ್ಯಾಸಕ್ಕೊಮ್ಮೆ ನಡೆದರೆ ಸಾಕು, ವಿನ್ಯಾಸವೋ ಲೋಹವೋ ಬದಲಾದಾಗ ಮತ್ತೊಮ್ಮೆ. ಬಗ್ಗಿಸುವ ಪರೀಕ್ಷೆ ಪ್ರತಿ ಬ್ಯಾಚಿನ ಐದಾರು ಮಾದರಿಗಳಿಗೆ ಸಾಕು. ನೂರಾರು ಪ್ಲೇಟುಗಳ ಮೇಲೆ ಹಂಚಿಹೋಗುವ ಈ ವೆಚ್ಚವನ್ನು ಒಂದು ಪ್ಲೇಟ್ ಮುರಿದಾಗಿನ ನಷ್ಟದೊಡನೆ ಹೋಲಿಸಬೇಕು: ಎರಡನೆಯ ಶಸ್ತ್ರಚಿಕಿತ್ಸೆ, ಔಷಧ, ಸಾಗಾಟ, ತಿಂಗಳುಗಳ ಹಾಲು, ಕೊನೆಗೆ ರಾಸೇ ಕೈಬಿಟ್ಟು ಹೋಗುವ ಸಂಭವ. ಒಂದೇ ಹಸುವಿನ ಹಾಲು ಮಾರಿ ಸಂಸಾರ ನಡೆಸುವ ಮನೆಗೆ ಅದು ಬಂಡವಾಳವೇ ಮುಳುಗಿದಂತೆ.

ಪ್ಲೇಟ್ ಮುರಿಯಲು ಅನೇಕ ವೇಳೆ ವೈದ್ಯರ ಆಯ್ಕೆಯೋ ಮಾಲೀಕನ ಅಲಕ್ಷ್ಯವೋ ಕಾರಣ, ಅದಕ್ಕೆ ತಯಾರಕನೇಕೆ ಹೊಣೆ ಎಂಬುದು ಎರಡನೆಯ ಆಕ್ಷೇಪ. ಇದರಲ್ಲಿಯೂ ಸತ್ಯವಿದೆ. ಪ್ಲೇಟ್ ಚಿಕ್ಕದಾಗಿರಬಹುದು, ಸ್ಕ್ರೂಗಳು ಕಡಿಮೆಯಾಗಿರಬಹುದು, ರಾಸನ್ನು ಕಟ್ಟಿಹಾಕದೆ ಮೇಯಲು ಬಿಟ್ಟಿರಬಹುದು. ಆದರೆ ಪರೀಕ್ಷಾ ವರದಿಯಿಲ್ಲದ ತಯಾರಕ ತನ್ನ ಸರಕು ಸರಿಯಿತ್ತೆಂದು ಯಾವ ಬಾಯಿಂದ ಹೇಳಬಲ್ಲ? ಆ ಬ್ಯಾಚಿನ ಪ್ಲೇಟ್ ಇಷ್ಟು ಬಲ ತಾಳುತ್ತಿತ್ತು ಎಂಬ ದಾಖಲೆ ಕೈಯಲ್ಲಿದ್ದವನಿಗೆ ವಾದಿಸುವ ನೆಲೆಯಿರುತ್ತದೆ. ಪರೀಕ್ಷೆ ಕೊಳ್ಳುವವನಿಗೆಷ್ಟೋ ಮಾರುವವನಿಗೂ ಅಷ್ಟೇ ರಕ್ಷಣೆ.

ಆಗಬೇಕಾದ ಕೆಲಸ

ಒಂದೊಂದು ಸಣ್ಣ ಘಟಕವೂ ಸ್ವಂತ ಪ್ರಯೋಗಾಲಯ ಹೂಡುವುದು ಅಸಾಧ್ಯ, ಅನಗತ್ಯ ಕೂಡ. ಕೇಂದ್ರ ಸರ್ಕಾರದ ಕಿರು ಮತ್ತು ಸಣ್ಣ ಉದ್ದಿಮೆಗಳ ಗುಚ್ಛ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಸಾಮಾನ್ಯ ಸೌಲಭ್ಯ ಕೇಂದ್ರಗಳಿಗೆ ನೆರವಿಗೆ ಅವಕಾಶವಿದೆ. ವಾಣಿಜ್ಯ ಸಂಘಗಳು ಮುಂದಾಗಿ ಆಸಕ್ತ ಘಟಕಗಳನ್ನು ಕೂಡಿಸಿದರೆ ಇಂತಹ ಒಂದು ಪರೀಕ್ಷಾ ಕೇಂದ್ರ ರೂಪುಗೊಳ್ಳಬಹುದು.

ಅಲ್ಲಿಯವರೆಗೆ ಎಂಜಿನಿಯರಿಂಗ್ ಕಾಲೇಜುಗಳ ಯುಟಿಎಂ ಯಂತ್ರಗಳನ್ನು ಬಳಸಬಹುದು ಎಂಬ ಸಲಹೆ ಕೇಳಿಬರುತ್ತದೆ. ಇಲ್ಲಿ ಎಚ್ಚರ ಬೇಕು. ಕಬ್ಬಿಣದ ಸರಳು ಎಳೆಯಲೆಂದು ಇಟ್ಟ 400 ಕಿಲೋನ್ಯೂಟನ್ ಯಂತ್ರದಲ್ಲಿ ಒಂದೆರಡು ಕಿಲೋನ್ಯೂಟನ್‌ಗೆ ಬಾಗುವ ಪ್ಲೇಟನ್ನು ಪರೀಕ್ಷಿಸುವುದು ಲಾರಿ ತೂಗುವ ವೇಬ್ರಿಡ್ಜಿನಲ್ಲಿ ಚಿನ್ನ ತೂಗಿದಂತೆ. 10 ಕಿಲೋನ್ಯೂಟನ್ ಆಸುಪಾಸಿನ ಲೋಡ್ ಸೆಲ್ ಇರುವ ಯಂತ್ರ, ಸರಿಯಾದ ಉರುಳೆಗಳ ಜಿಗ್, ಚಾಲ್ತಿಯಲ್ಲಿರುವ ಕ್ಯಾಲಿಬ್ರೇಶನ್ ಪತ್ರ ಇವು ಮೂರೂ ಇವೆಯೇ ಎಂದು ಮೊದಲು ಕೇಳಬೇಕು. ಎನ್‌ಎಬಿಎಲ್ ಮಾನ್ಯತೆಯಿರುವ ಪ್ರಯೋಗಾಲಯವಾದರೆ, ಬೇಕಾದ ಪರೀಕ್ಷೆ ಆ ಮಾನ್ಯತೆಯ ವ್ಯಾಪ್ತಿಯಲ್ಲಿದೆಯೇ ಎಂಬುದನ್ನೂ ನೋಡಬೇಕು.

ಪೊಟ್ಟಣದ ಮೇಲಿನ ಬರಹವೂ ಬದಲಾಗಬೇಕು. ಉಕ್ಕಿನ ದರ್ಜೆ ಮತ್ತು ಸ್ಥಿತಿ, ಬ್ಯಾಚ್ ಸಂಖ್ಯೆ, ಅಳೆದ ದಪ್ಪ, ಪರೀಕ್ಷೆಯಲ್ಲಿ ಕಂಡ ಬಾಗು ತಾಳುವ ಶಕ್ತಿ, ಶಿಫಾರಸು ಮಾಡಿದ ಪ್ರಾಣಿಯ ತೂಕದ ಮಿತಿ ಎಂಬ ಐದು ಸಾಲುಗಳು ಸಾಕು. ಹಾಗೆಯೇ ಮುರಿದು ಹೊರಬಂದ ಪ್ಲೇಟುಗಳನ್ನು ಗುಜರಿಗೆ ಹಾಕದೆ ತಯಾರಕರಿಗೆ ಮರಳಿಸುವ ಏರ್ಪಾಡು ಬೇಕು. ಮುರಿದ ಮೈ ಬಹಳಷ್ಟು ಹೇಳುತ್ತದೆ: ಅಲೆಯಂತಹ ಗೆರೆಗಳಿದ್ದರೆ ದಣಿವು, ಬಾಗಿ ಹರಿದಿದ್ದರೆ ಒಂದೇ ಸಲದ ಮಿತಿಮೀರಿದ ಭಾರ. ಈ ಸಾಕ್ಷ್ಯವನ್ನು ಓದಿಕೊಂಡ ತಯಾರಕನ ಮುಂದಿನ ಬ್ಯಾಚ್ ಹಿಂದಿನದಕ್ಕಿಂತ ಉತ್ತಮವಾಗಿರುತ್ತದೆ. ಒಮ್ಮೆ ಶರೀರದಿಂದ ತೆಗೆದ ಪ್ಲೇಟನ್ನು ತೊಳೆದು ಮತ್ತೆ ಬಳಸುವ ಅಭ್ಯಾಸವನ್ನು ವರ್ತಕರು ಯಾವ ಕಾರಣಕ್ಕೂ ಉತ್ತೇಜಿಸಬಾರದು. ಅದು ಈಗಾಗಲೇ ಸವೆಸಿರುವ ಆಯುಷ್ಯವನ್ನು ಯಾವ ಪಾಲಿಶ್ ಕೂಡ ಮರಳಿ ತಾರದು.

ಪರೀಕ್ಷೆಗೆ ಒಳಗಾದ ಮಾದರಿ ಬಾಗಿ, ಮುರಿದು ಹಾಳಾಗುತ್ತದೆ. ತಯಾರಕನಿಗೆ ಅದು ಕಣ್ಣೆದುರಿನ ನಷ್ಟದಂತೆ ತೋರುವುದು ಸಹಜ. ಆದರೆ ಮುರಿಯಬೇಕಾದದ್ದು ಪ್ರಯೋಗಾಲಯದ ಮೇಜಿನ ಮೇಲೆ ಮುರಿದರೆ ಹೋಗುವುದು ಐದಾರು ಪ್ಲೇಟುಗಳ ಬೆಲೆ ಮಾತ್ರ. ಅದೇ ಪ್ಲೇಟ್ ಕೊಟ್ಟಿಗೆಯಲ್ಲಿ, ಹಸು ಎದ್ದು ನಿಲ್ಲುವ ಹೊತ್ತಿನಲ್ಲಿ ಮುರಿದರೆ ಒಂದು ಮನೆಯ ಜೀವನಾಧಾರ ಹೋಗುತ್ತದೆ, ವೈದ್ಯರ ಹೆಸರು ಕೆಡುತ್ತದೆ, ತಯಾರಕನ ಮಾರುಕಟ್ಟೆಯೂ ಕೈತಪ್ಪುತ್ತದೆ. ಯಾವ ಜಾಗದಲ್ಲಿ ಮುರಿಯಬೇಕೆಂಬ ಆಯ್ಕೆ ಇಂದು ಉದ್ಯಮಿಗಳ ಕೈಯಲ್ಲಿಯೇ ಇದೆ.